ಭಾರ ಎತ್ತಬೇಡ ಎಂದರೆ ಸಾಕೆ?

ಪ್ರಿಯ ವಿದ್ಯಾರ್ಥಿಗಳೆ, ಬಂಧುಗಳೆ,

ಸಿರುಗುಪ್ಪದ ಗದ್ದೆಗಳ ಬಗ್ಗೆ, ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯ ಬಗ್ಗೆ, ಬಳ್ಳಾರಿಯ ಬಿಸಿಲಿನ ಬಗ್ಗೆ ನಾನು ಬರೆದುದನ್ನೆಲ್ಲ ನೀವು ಪ್ರೀತಿಯಿಂದ ಓದಿದ್ದೀರಿ. ಇಂದಿನ ವಿಷಯ ನಿಮ್ಮಲ್ಲಿ ಕೆಲವರಿಗೆ ಮುಜುಗರವೆನಿಸಬಹುದು. ಭಾರ ಎತ್ತಿದಾಗ, ಕೆಮ್ಮಿದಾಗ, ಜೋರಾಗಿ ನಕ್ಕಾಗ ಮೂತ್ರ ಸೋರುವುದು. ಕೆಳಹೊಟ್ಟೆಯಲ್ಲಿ ಏನೋ ಜಾರಿ ಇಳಿದಂತೆ ಭಾಸವಾಗುವುದು. ಹೆರಿಗೆಯ ನಂತರ ಹೊಟ್ಟೆಯ ನಡುವೆ ಸಂದು ಬಿಟ್ಟಂತಾಗಿ ಸೊಂಟದಲ್ಲಿ ಬಲವೇ ಉಳಿಯದಿರುವುದು. ಇವುಗಳ ಬಗ್ಗೆ ಬರೆಯಲಿದ್ದೇನೆ. ಮೂವತ್ತು ವರ್ಷಕ್ಕೂ ಮಿಕ್ಕಿ ವಿಜ್ಞಾನ ಬೋಧಿಸಿದವಳಿಗೆ ದೇಹದ ಯಾವ ಭಾಗವೂ ಮಾತನಾಡಬಾರದ ಭಾಗವೆಂದು ಅನ್ನಿಸುವುದಿಲ್ಲ. ಗಂಡಸರೂ ದಯವಿಟ್ಟು ಪೂರ್ತಿ ಓದಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಸಿರುಗುಪ್ಪದಲ್ಲಿ ನನ್ನ ಬಳಿ ಕಲಿತವಳು, ಈಗ ಬಳ್ಳಾರಿಯಲ್ಲಿ ನೆಲೆಸಿದ್ದಾಳೆ. ಎರಡು ಮಕ್ಕಳ ತಾಯಿ, ವಯಸ್ಸು ನಲವತ್ತರ ಆಸುಪಾಸು. ಸಕ್ಕರೆ ಕಾಯಿಲೆಯ ಮುನ್ಸೂಚನೆ ಕಂಡಾಗ ವೈದ್ಯರ ಸಲಹೆಯಂತೆ ಜಿಮ್ ಸೇರಿದ್ದಳು. ಎಂಟು ತಿಂಗಳಲ್ಲಿ ನಲವತ್ತು ಕಿಲೋ ತೂಕವನ್ನು ನೆಲದಿಂದ ಎತ್ತುವಷ್ಟು ಬಲ ಗಳಿಸಿ ಹೆಮ್ಮೆಯಿಂದ ನನಗೆ ತಿಳಿಸಿದ್ದಳು. ಈ ಬಾರಿ ಧ್ವನಿ ಇಳಿದಿತ್ತು. "ಟೀಚರ್, ನಾ ಜಿಮ್ ಬಿಟ್ಬಿಟ್ಟೀನ್ರೀ. ಎತ್ತಿದಾಗೆಲ್ಲ ಬಟ್ಟೆ ತೊಯ್ತದ. ಯಾರಿಗೆ ಹೇಳ್ಲಿ?" ಎಂದಳು.

ಹಾಗೆಂದು ಆಕೆ ಯಾರಿಗೂ ಹೇಳದೆ ಇರಲಿಲ್ಲ. ಅತ್ತೆಗೆ ಹೇಳಿದಾಗ, "ಹೆಣ್ಮಕ್ಕಳಿಗೆ ಆ ಕಬ್ಬಿಣ ಯಾಕ ಬೇಕವ್ವ? ಬಿಟ್ಟುಬಿಡು" ಎಂಬ ಉತ್ತರ ಬಂದಿತ್ತು. ಜಿಮ್‌ನ ತರಬೇತುದಾರ, ಇದು ಬಹಳ ಜನರಿಗೆ ಆಗುತ್ತದೆ, ಪ್ಯಾಡ್ ಹಾಕಿಕೊಂಡು ಬನ್ನಿ ಎಂದಿದ್ದ. ಒಂದು ಚಿಕಿತ್ಸಾಲಯದಲ್ಲಿ, ಗರ್ಭಕೋಶ ಸ್ವಲ್ಪ ಇಳಿದಿದೆ, ಮಕ್ಕಳಾಗಿವೆಯಲ್ಲ, ತೆಗೆಸಿಬಿಡುವುದು ಲೇಸು ಎಂದಿದ್ದರು. ಎತ್ತಬೇಡ, ಸಹಿಸಿಕೋ, ತೆಗೆಸಿಬಿಡು: ನಮ್ಮ ಸೀಮೆಯಲ್ಲಿ ಈ ತೊಂದರೆ ಹೇಳಿಕೊಂಡ ಹೆಣ್ಣುಮಗಳಿಗೆ ಸಿಗುವ ಉತ್ತರಗಳು ಹೆಚ್ಚುಕಡಿಮೆ ಈ ಮೂರೇ. ಮೂರನ್ನೂ ನಾನು ಒಪ್ಪುವುದಿಲ್ಲ. ಆಕೆಯ ಅನುಮತಿ ಪಡೆದು, ಗುರುತು ಬಿಟ್ಟು, ಕಾರಣಗಳನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಸ್ವಲ್ಪ ಪಾಠ. ನಮ್ಮ ಹಳ್ಳಿಗಳ ಹೊರಸು ನಿಮಗೆ ನೆನಪಿರಬಹುದು. ಮರದ ಚೌಕಟ್ಟಿಗೆ ಹಗ್ಗವನ್ನು ಹೆಣೆದು ಮಾಡಿದ ಮಂಚ. ಸೊಂಟದ ಮೂಳೆಗಳ ಚೌಕಟ್ಟಿನ ತಳದಲ್ಲಿಯೂ ಮುಂದಿನ ಮೂಳೆಯಿಂದ ಬೆನ್ನಿನ ಕೊನೆಯ ಬಾಲದ ಮೂಳೆಯವರೆಗೆ ಇಂಥದೇ ಒಂದು ಹೆಣಿಗೆ ಇದೆ. ವೈದ್ಯರು ಅದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ನಾವು ಶ್ರೋಣಿತಳದ ಸ್ನಾಯುಗಳು ಎನ್ನೋಣ. ಮೂತ್ರಕೋಶ, ಗರ್ಭಕೋಶ, ಗುದನಾಳ ಇವುಗಳಿಗೆ ಕೆಳಗಿನಿಂದ ಆಧಾರ ಈ ಹೆಣಿಗೆಯೇ. ಹೊರಸಿನ ಹಗ್ಗ ಸಡಿಲವಾದರೆ ಮಂಚ ಜೋಲುತ್ತದೆ. ಇಲ್ಲಿಯೂ ಅಷ್ಟೆ.

ಈ ಸ್ನಾಯುಗಳು ಒಂಟಿಯಾಗಿ ದುಡಿಯುವುದಿಲ್ಲ. ಮೇಲೆ ಉಸಿರಾಟದ ವಪೆ, ಸುತ್ತಲೂ ನಡುಪಟ್ಟಿಯಂತೆ ಬಿಗಿದಿರುವ ಹೊಟ್ಟೆಯ ಒಳಸ್ನಾಯು, ಹಿಂದೆ ಬೆನ್ನುಮೂಳೆಗೆ ಅಂಟಿದ ಸಣ್ಣ ಸ್ನಾಯುಗಳು, ಕೆಳಗೆ ಶ್ರೋಣಿತಳ. ಜಿಮ್‌ನ ಹುಡುಗರು ಕೋರ್ ಎನ್ನುವುದು ಈ ನಾಲ್ಕೂ ಸೇರಿದ ಡಬ್ಬಿಯನ್ನು. ಉಸಿರು ಒಳಗೆಳೆದಾಗ ವಪೆ ಕೆಳಗಿಳಿಯುತ್ತದೆ, ತಳವೂ ತುಸು ಇಳಿಯುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲೇರುತ್ತವೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ಡಬ್ಬಿಯೊಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ತಳ ಗಟ್ಟಿಯಾಗಿದ್ದು ಸಕಾಲಕ್ಕೆ ಬಿಗಿದುಕೊಂಡರೆ ತೊಂದರೆಯಿಲ್ಲ. ಹೆರಿಗೆಯಲ್ಲಿ ಹಿಗ್ಗಿ ಹರಿದು, ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆಗಳಿಂದ ಸೊರಗಿ, ಮುಟ್ಟು ನಿಂತ ಮೇಲೆ ಇನ್ನಷ್ಟು ತೆಳುವಾದ ತಳವಾಗಿದ್ದರೆ ಒತ್ತಡ ಕೆಳಗೆ ದಾರಿ ಹುಡುಕಿಕೊಳ್ಳುತ್ತದೆ. ಮಕ್ಕಳನ್ನೇ ಹೆರದ ಯುವ ಕ್ರೀಡಾಪಟುಗಳಲ್ಲಿಯೂ, ಅದರಲ್ಲಿಯೂ ಹಾರುವ, ಭಾರ ಎತ್ತುವ ಆಟಗಾರ್ತಿಯರಲ್ಲಿ, ಈ ಸೋರಿಕೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಇದು ಮುದುಕಿಯರ ರೋಗವೆಂದು ಯಾರೂ ತಿಳಿಯಬಾರದು.

ಈಗ ಮೊದಲನೆಯ ಉತ್ತರಕ್ಕೆ ಬರೋಣ. ಭಾರ ಎತ್ತಬೇಡ ಎಂದು ಹೇಳುವವರು ನಮ್ಮ ಹೆಣ್ಣುಮಕ್ಕಳ ದಿನಚರಿಯನ್ನು ಒಮ್ಮೆ ನೋಡಬೇಕು. ಶುದ್ಧ ನೀರಿನ ಘಟಕದಿಂದ ತರುವ ಇಪ್ಪತ್ತು ಲೀಟರಿನ ಕ್ಯಾನು ಇಪ್ಪತ್ತು ಕಿಲೋ ತೂಗುತ್ತದೆ. ಅಡುಗೆ ಅನಿಲದ ತುಂಬಿದ ಸಿಲಿಂಡರು, 14.2 ಕಿಲೋ ಅನಿಲವೂ ಉಕ್ಕಿನ ತೂಕವೂ ಸೇರಿ, ಮೂವತ್ತು ಕಿಲೋದ ಹತ್ತಿರ. ಅಂಗಡಿಯಿಂದ ಬರುವ ಅಕ್ಕಿ ಚೀಲ ಇಪ್ಪತ್ತೈದು ಕಿಲೋ. ಸಿರುಗುಪ್ಪದ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ ನಿಂತು, ನೀರು ಸೋರುವ ಸಸಿಯ ಕಟ್ಟುಗಳನ್ನು ಹೊತ್ತು ಸಾಗುವ ಮಹಿಳೆಯರಿಗೆ ಎತ್ತಬೇಡವೆಂದು ಯಾರೂ ಹೇಳುವುದಿಲ್ಲ. ಹೇಳಿದರೆ ನಾಟಿಯೇ ನಿಲ್ಲುತ್ತದೆ. ಕನ್ನಡಿಯ ಮುಂದೆ ನಿಂತು, ಎಣಿಸಿ, ವಿಧಾನವಾಗಿ ಎತ್ತುವ ನಲವತ್ತು ಕಿಲೋ ಮಾತ್ರ ನಮ್ಮ ಕಣ್ಣಿಗೆ ಅಪಾಯಕಾರಿಯಾಗಿ ಕಾಣುತ್ತದೆ. ಎಳೆಯ ಬಾಣಂತಿ ತಿಂಗಳು ತುಂಬುವ ಮುನ್ನ ಬಾವಿಯಿಂದ ನೀರು ಸೇದಿದರೆ ಅದು ಮನೆಗೆಲಸ!

ಭಾರ ಎತ್ತುವುದನ್ನು ನಿಲ್ಲಿಸಿದ ಹೆಂಗಸು ಮನೆಗೆ ಬಂದು ಅದೇ ಕ್ಯಾನನ್ನು, ಈಗ ಮೊದಲಿಗಿಂತ ದುರ್ಬಲವಾದ ಮೈಯಿಂದ, ಎತ್ತಲೇಬೇಕಾಗುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ವೇಗ ಹೆಚ್ಚುತ್ತದೆ, ಸ್ನಾಯು ಕರಗುತ್ತದೆ, ಸ್ನಾನದ ಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ನಮ್ಮ ಬಂಧುಗಳನ್ನು ನೀವೇ ಎಣಿಸಬಲ್ಲಿರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ, ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ಹೇಳಿದೆ. ಅರವತ್ತೈದು ದಾಟಿದವರಿಗೂ ಅದರಲ್ಲಿ ರಿಯಾಯಿತಿಯಿಲ್ಲ. ಇನ್ನು ಹೆಣ್ಣಿಗೇಕೆ ಕಬ್ಬಿಣ ಎಂಬ ಪ್ರಶ್ನೆಗೆ ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿ 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ತಂದಾಗಲೇ ಉತ್ತರ ಸಿಕ್ಕಿದೆ.

ಎರಡನೆಯ ಉತ್ತರ ಸಹಿಸಿಕೋ ಎಂಬುದು. ಇದರ ಬೆಲೆ ಎಷ್ಟೆಂದು ನಾನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಕುರುಗೋಡಿನ ನಮ್ಮ ಸೋದರತ್ತೆಯನ್ನು ನಿಮ್ಮಲ್ಲಿ ಬಂಧುಗಳಾದವರು ಬಲ್ಲಿರಿ; ಅವರ ಮಕ್ಕಳ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಆರು ಹೆರಿಗೆಗಳಾದ ಆಕೆ ಯಾವ ಮದುವೆಗೂ ಬರುತ್ತಿರಲಿಲ್ಲ. ಬಳ್ಳಾರಿಗೆ ಬಸ್ಸು ಹತ್ತುತ್ತಿರಲಿಲ್ಲ. ಮನೆಯ ಮುಂದೆಯೇ ಜಾತ್ರೆಯ ಜನ ಹರಿಯುತ್ತಿದ್ದರೂ ಮಾಳಿಗೆಯ ಮೇಲಿಂದಲೇ ತೇರಿಗೆ ಕೈಮುಗಿಯುತ್ತಿದ್ದರು. ಅತ್ತೆಗೆ ಬಿಗುಮಾನ ಎಂದು ಬಳಗವೆಲ್ಲ ಆಡಿಕೊಂಡಿತು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಜ್ವರವೆಂದು ಆಸ್ಪತ್ರೆಗೆ ಸೇರಿಸಿದಾಗ, ಗರ್ಭಕೋಶ ಹೊರಗಿಳಿದು ಬಟ್ಟೆಯ ಉಜ್ಜುವಿಕೆಯಿಂದ ಹುಣ್ಣಾಗಿರುವುದನ್ನು ವೈದ್ಯೆ ಕಂಡರು. ಇಪ್ಪತ್ತು ವರ್ಷದಿಂದ ಹೀಗಿದೆ ಎಂದು ಅತ್ತೆ ಗೋಡೆಯ ಕಡೆ ಮುಖ ಮಾಡಿ ಹೇಳಿದರಂತೆ. ಹುಣ್ಣು ಮಾಗಿದ ಮೇಲೆ ವೈದ್ಯೆ ಅವರಿಗೆ ಪೆಸರಿ ಎಂಬ ಬಳೆಯಾಕಾರದ ಮೆತ್ತನೆಯ ಸಾಧನವೊಂದನ್ನು ಒಳಗೆ ಕೂಡಿಸಿದರು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆಗಾಗ ತೆಗೆದು ತೊಳೆದು ಪರೀಕ್ಷಿಸಿ ಮತ್ತೆ ಇಡಬೇಕು, ಅಷ್ಟೆ. ಮರುವರ್ಷ ಮೊಮ್ಮಗಳ ಮದುವೆಯಲ್ಲಿ ಅತ್ತೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಆ ಇಪ್ಪತ್ತು ವರ್ಷಗಳನ್ನು ಅವರಿಗೆ ಯಾರು ಹಿಂತಿರುಗಿಸಬೇಕು?

ಸಹಿಸಿಕೊಳ್ಳುವವರು ಮಾಡುವ ಮೊದಲ ಕೆಲಸ ನೀರು ಕುಡಿಯುವುದನ್ನು ಬಿಡುವುದು. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ಇದು ಅಪಾಯಕಾರಿ. ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಅವಸರ ಇನ್ನೂ ಹೆಚ್ಚುತ್ತದೆ, ಕಲ್ಲು ಕಟ್ಟುತ್ತದೆ. ಮಲ ಗಟ್ಟಿಯಾಗಿ ಮುಕ್ಕುವುದರಿಂದ ತಳಕ್ಕೆ ಮತ್ತಷ್ಟು ಪೆಟ್ಟು. ಶೌಚಾಲಯ ಸರಿಯಿಲ್ಲದ ಶಾಲೆಗಳಲ್ಲಿ ನಾವು ಶಿಕ್ಷಕಿಯರೂ ಹುಡುಗಿಯರೂ ಬೆಳಗಿನಿಂದ ಸಂಜೆಯವರೆಗೆ ತುಟಿ ಒದ್ದೆ ಮಾಡದೆ ಕಳೆದ ದಿನಗಳು ನಿಮಗೆ ನೆನಪಿರಬೇಕು. ನಮ್ಮ ಊರಿನ ಜೀನ್ಸ್ ಹೊಲಿಗೆಯ ಘಟಕಗಳಲ್ಲಿ ದಿನವಿಡೀ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

ಮೂರನೆಯ ಉತ್ತರವಾದ ಗರ್ಭಕೋಶ ತೆಗೆಸಿಬಿಡು ಎಂಬುದು ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ. ತೀವ್ರ ರಕ್ತಸ್ರಾವ, ಕ್ಯಾನ್ಸರ್, ಬೇರೆ ಚಿಕಿತ್ಸೆಗೆ ಮಣಿಯದ ಗಡ್ಡೆ, ಬಹಳ ಇಳಿದ ಗರ್ಭಕೋಶ ಇಂಥ ಸಂದರ್ಭಗಳಲ್ಲಿ ಆ ಶಸ್ತ್ರಚಿಕಿತ್ಸೆ ಜೀವ ಉಳಿಸಬಹುದು, ಬಾಳನ್ನು ಹಗುರಗೊಳಿಸಬಹುದು; ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗರ್ಭಕೋಶ ತೆಗೆಯುವುದು ಮೂತ್ರದ ಸೋರಿಕೆಗೆ ಮದ್ದಲ್ಲ. ತಳದ ಹೆಣಿಗೆ ಸಡಿಲವಾಗಿಯೇ ಉಳಿದರೆ ಯೋನಿಯ ಮೇಲ್ಭಾಗವೂ ಮುಂದೆ ಇಳಿಯಬಹುದು. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಅಕಾಲದಲ್ಲಿ ಮುಟ್ಟು ನಿಂತ ಪರಿಣಾಮವಾಗಿ ಮೂಳೆ ಬೇಗ ಸವೆಯುತ್ತದೆ. ನಮ್ಮದೇ ಕಲ್ಯಾಣ ಕರ್ನಾಟಕದ ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಬಡ ಮಹಿಳೆಯರಿಗೆ, ಸಣ್ಣ ವಯಸ್ಸಿನವರಿಗೂ, ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಲಾಗಿದೆಯೆಂಬ ಆರೋಪ 2015ರಲ್ಲಿ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಆ ಮಹಿಳೆಯರು ಬೀದಿಗಿಳಿದು ಪ್ರತಿಭಟಿಸಿದರು. ಇಂಥ ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಜಾರಿಗೊಳಿಸಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದನ್ನು ಸಿರುಗುಪ್ಪ, ಕುರುಗೋಡಿನ ರೈತರು ಮರೆಯುವಂತಿಲ್ಲ. ಮೂವತ್ತಮೂರು ಗೇಟುಗಳಲ್ಲಿ ಒಂದು ಹೋಯಿತೆಂದು ಅಣೆಕಟ್ಟೆಯನ್ನೇ ಕೆಡವೋಣ ಎಂದು ಯಾರಾದರೂ ಹೇಳಿದರೆ? ನೀರಿನ ಒತ್ತಡ ತಗ್ಗಿಸಿದರು, ತಜ್ಞರನ್ನು ಕರೆಸಿದರು, ವಾರದೊಳಗೆ ಆ ಕಿಂಡಿಗೆ ಅಡ್ಡ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಿದರು. ಒತ್ತಡ ತಗ್ಗಿಸು, ಬಲ್ಲವರನ್ನು ಕೇಳು, ದುರಸ್ತಿ ಮಾಡು ಎಂಬ ಕ್ರಮ ನಮ್ಮ ಹೆಂಗಸರ ಮೈಗೂ ಸಲ್ಲಬೇಕೆಂಬುದೇ ನನ್ನ ವಾದ.

ದುರಸ್ತಿ ಹೇಗೆ? 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗೆಲ್ ಈ ಸ್ನಾಯುಗಳಿಗೆ ವ್ಯಾಯಾಮ ಸೂಚಿಸಿ ಪ್ರಬಂಧ ಪ್ರಕಟಿಸಿದರು. ಹಂತಹಂತವಾಗಿ ಪ್ರತಿರೋಧ ಹೆಚ್ಚಿಸುತ್ತ ಸ್ನಾಯುವನ್ನು ಬೆಳೆಸುವುದು ಅವರ ತತ್ತ್ವ. ಜಿಮ್‌ನಲ್ಲಿ ವಾರಕ್ಕಿಷ್ಟು ತೂಕ ಏರಿಸುವ ತತ್ತ್ವವೂ ಅದೇ ತಾನೆ! ಶ್ರೋಣಿತಳದ ವ್ಯಾಯಾಮವೂ ಬಲವರ್ಧನೆಯ ವ್ಯಾಯಾಮವೇ. ಒಂದರ ಸಲುವಾಗಿ ಇನ್ನೊಂದನ್ನು ಬಿಡಬೇಕಿಲ್ಲ. ಸೋರಿಕೆಗೆ ಮೊದಲ ಚಿಕಿತ್ಸೆಯಾಗಿ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಸೂಚಿಸುವುದೂ ಇದನ್ನೇ: ತರಬಲ್ಲವರ ನಿಗಾದಲ್ಲಿ ಕನಿಷ್ಠ ಮೂರು ತಿಂಗಳು, ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ ಕನಿಷ್ಠ ಎಂಟು ಸಲ ಬಿಗಿಹಿಡಿಯುವುದು.

ಅರವತ್ತೊಂದನೆಯ ವಯಸ್ಸಿನಲ್ಲಿ ನನಗೂ ಸೋರಿಕೆ ಕಾಡಿತ್ತು. ಬಳ್ಳಾರಿಯ ಫಿಸಿಯೋಥೆರಪಿಸ್ಟ್ ಒಬ್ಬಾಕೆ ನನಗೆ ಕಲಿಸಿದುದನ್ನು ಹೇಳುತ್ತೇನೆ. ಮೊದಲು ಮಲಗಿ, ಮೊಣಕಾಲು ಮಡಚಿ. ಗಾಳಿ ಹೋಗದಂತೆ ತಡೆಯುವಾಗ ಹೇಗೆ ಒಳಕ್ಕೆ, ಮೇಲಕ್ಕೆ ಸೆಳೆದುಕೊಳ್ಳುತ್ತೇವೆಯೋ ಹಾಗೆ ಉಸಿರು ಬಿಡುತ್ತ ಸೆಳೆಯಬೇಕು. ಐದಾರು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಬಿಡಬೇಕು. ಪೃಷ್ಠ, ತೊಡೆಗಳನ್ನು ಬಿಗಿಯಬಾರದು, ಉಸಿರು ಕಟ್ಟಬಾರದು, ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದು. ಇದು ಬಂದ ಮೇಲೆ ಕುಳಿತು, ಆಮೇಲೆ ನಿಂತು. ಕೆಮ್ಮು, ಸೀನು ಬರುವ ಕ್ಷಣಕ್ಕೆ ಮೊದಲೇ ಸೆಳೆದುಕೊಳ್ಳುವ ರೂಢಿ. ನಂತರವೇ ತೂಕ. ಎತ್ತುವ ಮುನ್ನ ಉಸಿರು ತೆಗೆದುಕೊಂಡು, ತಳವನ್ನು ಸೆಳೆದು, ಉಸಿರು ಬಿಡುತ್ತ ಎತ್ತುವುದು. ಸೋರದಿದ್ದರೆ, ಕೆಳಗೆ ಜಗ್ಗಿದಂತೆ ಅನ್ನಿಸದಿದ್ದರೆ ತೂಕ ಏರಿಸುವುದು, ಅನ್ನಿಸಿದರೆ ಇಳಿಸುವುದು. ಕುರ್ಚಿಯಿಂದ ಎದ್ದು ಕೂರುವುದು, ಮಲಗಿ ಸೊಂಟ ಎತ್ತುವುದು, ಎರಡು ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಡೆಯುವುದು ಇವುಗಳಿಂದ ನಾನು ಆರಂಭಿಸಿದೆ. ಎರಡು ತಿಂಗಳು ಏನೂ ಬದಲಾದಂತೆ ತೋರಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಸೀನಿದರೆ ಹೆದರಿಕೆಯಾಗುತ್ತಿರಲಿಲ್ಲ. ಈಗ ನೀರಿನ ಕ್ಯಾನನ್ನು ನಾನೇ ಕಟ್ಟೆಯ ಮೇಲಿಡುತ್ತೇನೆ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಕೆಲವರ ತಳದ ಸ್ನಾಯು ಸಡಿಲವಾಗಿರುವುದಿಲ್ಲ, ಸದಾ ಬಿಗಿದೇ ಇರುತ್ತದೆ. ಅಂಥವರಿಗೆ ನೋವು, ಮೂತ್ರ ಸರಿಯಾಗಿ ಬಾರದಿರುವುದು ಕಾಣಿಸಿಕೊಳ್ಳುತ್ತದೆ. ಅವರು ಬಿಗಿಯುವುದಕ್ಕಿಂತ ಬಿಡುವುದನ್ನು ಕಲಿಯಬೇಕು. ಆದ್ದರಿಂದ ನನ್ನ ಬರಹವನ್ನಾಗಲಿ ಮೊಬೈಲಿನ ವಿಡಿಯೋವನ್ನಾಗಲಿ ನಂಬಿ ಕೂರದೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಯೋಗದಲ್ಲಿ ಮೂಲಬಂಧವಿದೆಯಲ್ಲ ಎಂದು ಕೇಳುವವರಿಗೂ ಇದೇ ಮಾತು. ಅದು ಹತ್ತಿರದ ಅಭ್ಯಾಸ, ಪರೀಕ್ಷೆಗೆ ಬದಲಿಯಲ್ಲ. ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಹೊರಗೆ ಗಡ್ಡೆಯಂತೆ ಕೈಗೆ ಸಿಗುವುದು ಇವಿದ್ದರೆ ತಡಮಾಡಬೇಡಿ. ಮೂತ್ರವೇ ಕಟ್ಟಿಕೊಂಡರೆ, ಅಥವಾ ಕೂರುವ ಭಾಗದಲ್ಲಿ ಸ್ಪರ್ಶ ಹೋಗಿ ಕಾಲು ಸೋತರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವಿಮ್ಸ್ ಎಂದು ನಾವೆಲ್ಲ ಕರೆಯುತ್ತಿದ್ದ, ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರವೆಂದು ಹೆಸರಾದ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗ ನಮ್ಮ ಊರಿನಲ್ಲಿಯೇ ಇದೆ. ವ್ಯಾಯಾಮ, ಪೆಸರಿ, ಶಸ್ತ್ರಚಿಕಿತ್ಸೆ ಇವುಗಳಲ್ಲಿ ನನಗೆ ಯಾವುದು, ಏಕೆ ಎಂದು ಕೇಳುವುದು ರೋಗಿಯ ಹಕ್ಕು. ಉತ್ತರ ತೃಪ್ತಿಕರವಾಗದಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳುವುದು ಅವಮರ್ಯಾದೆಯೇನಲ್ಲ.

ಗಂಡಸರಿಗೆ ಎರಡು ಮಾತು. ಜಾತ್ರೆಗಳಲ್ಲಿ ಗುಂಡು ಎತ್ತುವ, ಜೋಳದ ಚೀಲ ಎತ್ತುವ ಪಂದ್ಯಗಳಲ್ಲಿ ಉಸಿರು ಕಟ್ಟಿ ಎತ್ತಿ, ತೊಡೆಸಂದಿಯಲ್ಲಿ ಹರ್ನಿಯಾ ಮಾಡಿಕೊಂಡು ವರ್ಷಗಟ್ಟಲೆ ಮುಚ್ಚಿಟ್ಟವರು ನಿಮ್ಮಲ್ಲಿಯೂ ಇದ್ದಾರೆ. ಸಿರುಗುಪ್ಪದ ಅಕ್ಕಿ ಗಿರಣಿಗಳ ಹಮಾಲರು ಎಪ್ಪತ್ತೈದು ಕಿಲೋ ಭತ್ತದ ಚೀಲ ಹೊರುತ್ತಾರೆ. ಒಬ್ಬ ವಯಸ್ಕ ಪುರುಷ ಹೊರುವ ಭಾರ ಐವತ್ತೈದು ಕಿಲೋ ಮೀರಿದ್ದರೆ ಅದನ್ನು ಬೇಗನೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತ್ತು. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದ ಗಂಡಸರಿಗೆ ಸೋರಿಕೆ ನಿಲ್ಲಲು ಹೇಳಿಕೊಡುವುದೂ ಇದೇ ಶ್ರೋಣಿತಳದ ವ್ಯಾಯಾಮ. ಆದ್ದರಿಂದ ಇದು ಹೆಂಗಸರ ವಿಷಯವೆಂದು ಎದ್ದು ಹೋಗಬೇಡಿ.

ನನ್ನ ವಿದ್ಯಾರ್ಥಿಗಳಲ್ಲಿ ಜಿಮ್ ನಡೆಸುವವರಿದ್ದೀರಿ, ದಾದಿಯರಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ, ಅತ್ತೆಯಂದಿರಾದವರೂ ಇದ್ದೀರಿ. ಜಿಮ್ ನಡೆಸುವವರು ಸೇರ್ಪಡೆಯ ಅರ್ಜಿಯಲ್ಲಿ ರಕ್ತದೊತ್ತಡ, ಸಕ್ಕರೆಯ ಜೊತೆ ಹೆರಿಗೆಯ ಬಗ್ಗೆ, ಸೋರಿಕೆಯ ಬಗ್ಗೆ ಒಂದು ಸಾಲು ಸೇರಿಸಿ. ಬಾಯಲ್ಲಿ ಹೇಳಲಾಗದವರು ಬರೆದಾರು. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋದಾಗ ಮಗುವಿನ ತೂಕದ ಜೊತೆ ತಾಯಿಯ ಈ ಸ್ಥಿತಿಯನ್ನೂ ವಿಚಾರಿಸಿ. ಅತ್ತೆಯಂದಿರು ಬಾಣಂತಿಗೆ ನಲವತ್ತು ದಿನದ ವಿಶ್ರಾಂತಿಯನ್ನು ಶಾಸ್ತ್ರಕ್ಕೆ ಮಾತ್ರ ಬಿಡದೆ, ನೀರಿನ ಕೊಡವನ್ನು ಮಗನ ಕೈಗೆ ಕೊಡಿ.

ಫೋನ್ ಮಾಡಿದ ಹುಡುಗಿ ಈಗ ಪರೀಕ್ಷೆ ಮಾಡಿಸಿಕೊಂಡು ಹನ್ನೆರಡು ಕಿಲೋದಿಂದ ಮತ್ತೆ ಆರಂಭಿಸಿದ್ದಾಳೆ. ನಲವತ್ತಕ್ಕೆ ಮರಳುತ್ತಾಳೋ ಇಲ್ಲವೋ ಕಾಲವೇ ಹೇಳಬೇಕು. ನಿಮ್ಮಲ್ಲಿ ಇಂಥ ತೊಂದರೆಯನ್ನು ಬಚ್ಚಿಟ್ಟುಕೊಂಡವರು ಯಾರಾದರೂ ಇದ್ದರೆ, ಈ ವಾರವೇ ಯಾರಾದರೊಬ್ಬರ ಬಳಿ ಹೇಳಿಕೊಳ್ಳಿ. ತಾಯಿಗೆ, ಗಂಡನಿಗೆ, ವೈದ್ಯರಿಗೆ. ಯಾರೂ ಇಲ್ಲವೆನಿಸಿದರೆ ನನಗೆ.

ನಿಮ್ಮ,
ಟೀಚರ್